ಬಯಾಪ್ಸಿ ಚೂರು ಒಂದೇ, ಪರೀಕ್ಷೆ ಹತ್ತು
ಕ್ಯಾನ್ಸರ್ ಚಿಕಿತ್ಸೆಯ ದಿಕ್ಕು ತೀರ್ಮಾನಿಸುವ ತುಣುಕನ್ನು ಉಳಿಸಿಕೊಳ್ಳುವುದು ಹೇಗೆ?

‘ಕ್ಯಾನ್ಸರ್ ಅನ್ನೋದು ಖಚಿತ. ಆದರೆ ಜೀನ್ ಟೆಸ್ಟ್ ಮಾಡೋದಕ್ಕೆ ಬ್ಲಾಕಿನಲ್ಲಿ ಏನೂ ಉಳಿದಿಲ್ಲ. ಇನ್ನೊಂದು ಸಲ ಬಯಾಪ್ಸಿ ಮಾಡಬೇಕಾಗುತ್ತೆ.’

ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಮನೆಯವರಲ್ಲಿ ಈ ಮಾತು ಕೇಳಿಸಿಕೊಂಡವರು ಬಹಳ ಮಂದಿ ಇದ್ದಾರೆ. ಮೊದಲ ಬಯಾಪ್ಸಿಗೇ ಹೆದರಿ, ಕೊನೆಗೆ ಒಪ್ಪಿ, ದುಡ್ಡು ಹೊಂದಿಸಿ, ರಿಪೋರ್ಟಿಗಾಗಿ ಕಾದು ಕೂತವರಿಗೆ ಇದು ಕಾಲಕೆಳಗಿನ ನೆಲ ಕುಸಿದಂತಾಗುವ ಮಾತು. ಸೂಜಿ ಹಾಕಿದವರು ತಪ್ಪು ಮಾಡಿದ್ದಾರೆ ಎಂದೇನೂ ಅಲ್ಲ. ಎಷ್ಟೋ ಸಲ ಸಾಕಷ್ಟು ಚೂರು ಬಂದೇ ಇರುತ್ತದೆ. ಯಾವ ಪರೀಕ್ಷೆಗೆ ಎಷ್ಟು ಬೇಕು ಎಂದು ಯಾರೂ ಮೊದಲೇ ಕೂತು ಲೆಕ್ಕ ಹಾಕದ ಕಾರಣ ಅದು ನಡುದಾರಿಯಲ್ಲೇ ಖರ್ಚಾಗಿ ಹೋಗಿರುತ್ತದೆ. ಈ ಲೆಕ್ಕ ವೈದ್ಯರಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮಲ್ಲಿ ಬಾಟಲಿ, ಬ್ಲಾಕ್ (ಮೇಣದಲ್ಲಿ ಕೂರಿಸಿದ ಚೂರು), ಸ್ಲೈಡುಗಳನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಹೊತ್ತು ತರುವವರು ಮನೆಯವರೇ ಆದ್ದರಿಂದ ಅವರಿಗೂ ಇದು ತಿಳಿದಿರಬೇಕು.

ಚೂರಿಗೂ ಮಾತ್ರೆಗೂ ಏನು ಸಂಬಂಧ?

ಇಪ್ಪತ್ತು–ಇಪ್ಪತ್ತೈದು ವರ್ಷಗಳ ಹಿಂದೆ ಶ್ವಾಸಕೋಶದ ಬಯಾಪ್ಸಿಯಿಂದ ಬೇಕಿದ್ದದ್ದು ಮುಖ್ಯವಾಗಿ ಎರಡು ಉತ್ತರ: ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಸಣ್ಣಕೋಶದ್ದೋ ಅಲ್ಲವೋ. ಅಷ್ಟಕ್ಕೆ ಎರಡು ಸ್ಲೈಡು ಸಾಕಾಗುತ್ತಿತ್ತು. 2004ರಲ್ಲಿ ಚಿತ್ರ ಬದಲಾಯಿತು. ಜೆಫಿಟಿನಿಬ್ ಎಂಬ ಮಾತ್ರೆ ಕೆಲವರಲ್ಲಿ ಮಾತ್ರ ಗಡ್ಡೆಯನ್ನು ಬೇಗ ಕರಗಿಸುತ್ತಿದ್ದುದಕ್ಕೆ ಗಡ್ಡೆಯ ಇಜಿಎಫ್‌ಆರ್ ಎಂಬ ಜೀನಿನಲ್ಲಾದ ಬದಲಾವಣೆ ಕಾರಣ ಎಂದು ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು.

ಪರೀಕ್ಷೆ ಮಾಡದೆ ಮಾತ್ರೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 2009ರಲ್ಲಿ ಪ್ರಕಟವಾದ ‘ಐಪಾಸ್’ ಅಧ್ಯಯನದಲ್ಲಿ ಉತ್ತರವಿದೆ. ಪೂರ್ವ ಏಷ್ಯಾದ ರೋಗಿಗಳಲ್ಲಿ ಜೆಫಿಟಿನಿಬ್ ಮಾತ್ರೆಯನ್ನು ಕೀಮೋ ಜೊತೆ ಹೋಲಿಸಿದ ಅಧ್ಯಯನವದು. ಇಜಿಎಫ್‌ಆರ್ ಬದಲಾವಣೆ ಇದ್ದವರಲ್ಲಿ ಶೇ 71ರಷ್ಟು ಮಂದಿಯ ಗಡ್ಡೆ ಮಾತ್ರೆಯಿಂದ ಗಮನಾರ್ಹವಾಗಿ ಕುಗ್ಗಿತು. ಕೀಮೋದಿಂದ ಕುಗ್ಗಿದ್ದು ಶೇ 47ರಷ್ಟು ಮಂದಿಯದು. ಬದಲಾವಣೆ ಇಲ್ಲದವರಲ್ಲಿ ಕೀಮೋ ಶೇ 23ಕ್ಕೂ ಹೆಚ್ಚು ಮಂದಿಗೆ ಫಲ ಕೊಟ್ಟರೆ, ಮಾತ್ರೆಯಿಂದ ಫಲ ಕಂಡವರು ಶೇ 1ರ ಆಸುಪಾಸು ಮಾತ್ರ. ಕಾಯಿಲೆಯ ಹೆಸರು ಒಂದೇ, ಮಾತ್ರೆಯೂ ಒಂದೇ. ಒಬ್ಬರಿಗೆ ವರವಾದದ್ದು ಇನ್ನೊಬ್ಬರಿಗೆ ಕಾಲಹರಣವಾಯಿತು.

ಅಡಿನೋಕಾರ್ಸಿನೋಮಾ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಇರುವ ಭಾರತೀಯರಲ್ಲಿ ಸುಮಾರು ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ಮಂದಿಗೆ ಇಜಿಎಫ್‌ಆರ್ ಬದಲಾವಣೆ ಇರುವುದನ್ನು ಇಲ್ಲಿನ ಅಧ್ಯಯನಗಳು ಕಂಡಿವೆ. ಧೂಮಪಾನ ಮಾಡದವರಲ್ಲಿ, ಹೆಂಗಸರಲ್ಲಿ ಇದು ಹೆಚ್ಚು. ಹಾಗೆಂದು ‘ಇವರು ಬೀಡಿ ಸೇದುತ್ತಿದ್ದವರು, ಇವರಿಗೆ ಟೆಸ್ಟ್ ಬೇಡ’ ಎಂದು ಮುಖ ನೋಡಿ ತೀರ್ಮಾನಿಸುವಂತಿಲ್ಲ; ಸೇದುವವರಲ್ಲೂ ಅದು ಸಿಗುತ್ತದೆ. ಇಜಿಎಫ್‌ಆರ್ ಜೊತೆಗೆ ಇಂದು ಎಎಲ್‌ಕೆ, ಆರ್‌ಒಎಸ್1, ಬಿಆರ್‌ಎಎಫ್, ಎಂಇಟಿ, ಆರ್‌ಇಟಿ, ಎನ್‌ಟಿಆರ್‌ಕೆ, ಕೆಆರ್‌ಎಎಸ್, ಹರ್2 ಜೀನುಗಳನ್ನೂ ಪಿಡಿ-ಎಲ್1 ಎಂಬ ಪ್ರೋಟೀನನ್ನೂ ನೋಡುತ್ತಾರೆ. ಗಡ್ಡೆಯೊಳಗಿನ ಇಂಥ ಗುರುತುಗಳಿಗೇ ಬಯೋಮಾರ್ಕರ್ ಎನ್ನುವುದು.

ಬೇರೆ ಕ್ಯಾನ್ಸರ್‌ಗಳಲ್ಲೂ ಇದೇ ಕಥೆ. ಸ್ತನ ಕ್ಯಾನ್ಸರ್‌ಗೆ ಇಆರ್, ಪಿಆರ್, ಹರ್2, ದೊಡ್ಡಕರುಳಿನದಕ್ಕೆ ಕೆಆರ್‌ಎಎಸ್, ಎನ್‌ಆರ್‌ಎಎಸ್, ಬಿಆರ್‌ಎಎಫ್, ಎಂಎಸ್‌ಐ, ಜಠರದ್ದಕ್ಕೆ ಹರ್2. ಆದರೆ ಶ್ವಾಸಕೋಶದಲ್ಲಿ ಪರೀಕ್ಷೆಗಳ ಪಟ್ಟಿ ಉದ್ದ, ಚೂರು ಮಾತ್ರ ತೀರಾ ಚಿಕ್ಕದು. ಇಕ್ಕಟ್ಟು ಅಲ್ಲೇ ಹೆಚ್ಚು.

ಚೂರಿನ ಲೆಕ್ಕ

ಸಿ.ಟಿ. ನೋಡಿಕೊಂಡು ಪಕ್ಕೆಯಿಂದ ಸೂಜಿ ಹಾಕಿ ತೆಗೆಯುವ ಚೂರು ಒಂದು ಶಾವಿಗೆ ಎಳೆಯಷ್ಟು: ದಪ್ಪ ಸುಮಾರು ಒಂದು ಮಿಲಿಮೀಟರ್, ಉದ್ದ ಒಂದೆರಡು ಸೆಂಟಿಮೀಟರ್. ಬ್ರಾಂಕೋಸ್ಕೋಪಿಯಲ್ಲಿ ಚಿಮಟದಿಂದ ಕಚ್ಚಿ ತೆಗೆದ ಚೂರು ಇನ್ನೂ ಚಿಕ್ಕದು, ಒಂದೆರಡು ಮಿಲಿಮೀಟರ್ ಅಷ್ಟೇ. ಅದರಲ್ಲೂ ಎಲ್ಲ ಕ್ಯಾನ್ಸರೇ ಇರುವುದಿಲ್ಲ. ರಕ್ತ, ಸತ್ತ ಜೀವಕೋಶ, ನಾರುಭಾಗ, ಆರೋಗ್ಯವಂತ ಶ್ವಾಸಕೋಶ ಎಲ್ಲವೂ ಬೆರೆತಿರುತ್ತದೆ.

ನಮ್ಮ ಒಂದು ಜೀವಕೋಶದಲ್ಲಿರುವ ಡಿಎನ್‌ಎ ತೂಕ ಆರೇಳು ಪಿಕೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷಕೋಟಿ ಪಾಲುಗಳಲ್ಲಿ ಆರೇಳು ಪಾಲು. ಜೀನ್ ಪರೀಕ್ಷೆಗೆ ಕನಿಷ್ಠ 10 ನ್ಯಾನೋಗ್ರಾಂ ಡಿಎನ್‌ಎ ಬೇಕೆಂದಿಟ್ಟುಕೊಳ್ಳಿ. ಅದಕ್ಕೇ ಸುಮಾರು 1,500 ಇಡೀ ಜೀವಕೋಶಗಳು ಬೇಕು. ತೆಳ್ಳಗೆ ಕತ್ತರಿಸಿದ ಪದರದಲ್ಲಿ ಕೋಶಗಳೂ ಕತ್ತರಿಸಿ ಹೋಗಿರುವುದರಿಂದ ನಿಜವಾಗಿ ಬೇಕಾಗುವುದು ಇನ್ನೂ ಹೆಚ್ಚು. ಪಿಡಿ-ಎಲ್1 ನೋಡಲು ಒಂದೇ ಸ್ಲೈಡಿನಲ್ಲಿ ಕನಿಷ್ಠ 100 ಜೀವಂತ ಕ್ಯಾನ್ಸರ್ ಕೋಶಗಳಿರಬೇಕು ಎಂಬುದು ಸಾಮಾನ್ಯ ನಿಯಮ.

ಎಷ್ಟು ಕೋಶ ಎಂಬುದರ ಜೊತೆಗೆ ಅವುಗಳ ಪಾಲೆಷ್ಟು ಎಂಬುದೂ ಮುಖ್ಯ. ಚೂರಿನಲ್ಲಿ ಶೇ 10ರಷ್ಟು ಮಾತ್ರ ಕ್ಯಾನ್ಸರ್ ಕೋಶಗಳಿದ್ದು, ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಬದಲಾಗಿದ್ದರೆ, ಒಟ್ಟು ಡಿಎನ್‌ಎಯಲ್ಲಿ ಆ ಬದಲಾವಣೆ ಕಾಣುವುದು ಶೇ 5ರಷ್ಟು. ಅಷ್ಟು ಕ್ಷೀಣವಾದುದನ್ನು ಎಲ್ಲ ಯಂತ್ರಗಳೂ ಹಿಡಿಯಲಾರವು. ಅದಕ್ಕೇ ಹಲವು ಲ್ಯಾಬುಗಳು ಶೇ 20ರಷ್ಟಾದರೂ ಕ್ಯಾನ್ಸರ್ ಕೋಶ ಇರಲಿ ಎನ್ನುತ್ತವೆ. ಪ್ಯಾಥಾಲಜಿಸ್ಟ್ ಸ್ಲೈಡಿನ ಮೇಲೆ ಮಾರ್ಕರ್‌ನಿಂದ ಸುತ್ತು ಹಾಕಿ ‘ಇಷ್ಟು ಜಾಗದಿಂದ ಮಾತ್ರ ಕೆರೆದು ತೆಗೆಯಿರಿ’ ಎಂದು ಗುರುತು ಮಾಡುವುದು ಈ ಪಾಲನ್ನು ಹೆಚ್ಚಿಸುವುದಕ್ಕಾಗಿಯೇ.

ಸೂಜಿ ಹಾಕುವ ಮೊದಲು

ಬಯಾಪ್ಸಿಗೆ ದಿನ ಗೊತ್ತಾಗುತ್ತಿದ್ದಂತೆ ವೈದ್ಯರ ಬಳಿ ಮಾತಾಡಬೇಕಾದ ವಿಷಯಗಳು ನಾಲ್ಕು.

ಒಂದು, ಕ್ಯಾನ್ಸರ್ ಎಂಬ ಅನುಮಾನ ಬಲವಾಗಿದ್ದರೆ ‘ಬಯೋಮಾರ್ಕರ್ ಟೆಸ್ಟಿಗೂ ಸಾಕಾಗುವಷ್ಟು ತೆಗೆಯುತ್ತೀರಾ?’ ಎಂದು ಕೇಳಿ. ಸುರಕ್ಷಿತವಾಗಿದ್ದರೆ ಒಂದು ಚೂರಿನ ಬದಲು ಮೂರೋ ನಾಲ್ಕೋ ತೆಗೆದು, ಅವನ್ನು ಒಂದೇ ಬ್ಲಾಕಿಗೆ ತುಂಬದೆ ಎರಡು ಬ್ಲಾಕ್ ಮಾಡಿದರೆ, ಒಂದನ್ನು ರೋಗ ಗುರುತಿಸಲು ಬಳಸಿ ಇನ್ನೊಂದನ್ನು ಜೀನ್ ಪರೀಕ್ಷೆಗೆ ಕಾದಿಡಬಹುದು. ಜಠರದ ಗಡ್ಡೆಯಲ್ಲಿ ಹರ್2 ಅಲ್ಲಲ್ಲಿ ಚದುರಿದಂತೆ ಇರುವುದರಿಂದ ಎಂಡೋಸ್ಕೋಪಿಯಲ್ಲಿ ಆರರಿಂದ ಎಂಟು ಚೂರು ತೆಗೆಯಬೇಕೆಂಬ ಸಲಹೆ ಇದೆ.

ಎರಡು, ಎಲ್ಲಿಂದ ತೆಗೆಯುತ್ತಾರೆ? ದೊಡ್ಡ ಗಡ್ಡೆಯ ನಡುಭಾಗ ಕೊಳೆತು ಸತ್ತಿರಬಹುದು. ಅಂಚಿನಲ್ಲಿ ಜೀವಂತ ಕೋಶಗಳು ಸಿಗುತ್ತವೆ. ಮೂಳೆಗೆ ಹಬ್ಬಿದ ಗಂಟಿನಿಂದ ತೆಗೆದರೆ ಮೂಳೆಯನ್ನು ಮೆತ್ತಗೆ ಮಾಡಲು ಹಾಕುವ ಆಮ್ಲ ಡಿಎನ್‌ಎಯನ್ನೇ ಹಾಳುಮಾಡುತ್ತದೆ. ಕುತ್ತಿಗೆಯ ಗಂಟಿನಲ್ಲೋ ಯಕೃತ್ತಿನಲ್ಲೋ ಕಾಯಿಲೆ ಇದ್ದರೆ ಅಲ್ಲಿಂದ ತೆಗೆಯುವುದು ಮೇಲು. ಮೂಳೆಯೇ ಗತಿಯಾದರೆ ಆಮ್ಲದ ಬದಲು ಇಡಿಟಿಎ ಬಳಸಲು ಲ್ಯಾಬಿಗೆ ಮೊದಲೇ ಹೇಳಿಡಬೇಕು.

ಮೂರು, ಟಿ.ಬಿ. ಅನುಮಾನ. ಶ್ವಾಸಕೋಶದ ಕ್ಯಾನ್ಸರ್‌ಗೆ ಮೊದಲು ಟಿ.ಬಿ. ಮಾತ್ರೆ ತಿಂದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಎರಡನ್ನೂ ನೋಡಬೇಕಿದ್ದರೆ ಬಾಟಲಿಯೂ ಎರಡು ಬೇಕು. ಟಿ.ಬಿ. ಕಲ್ಚರ್‌ಗೆ ಹೋಗುವುದು ಸಲೈನಿನಲ್ಲಿ, ಕ್ಯಾನ್ಸರ್ ಪರೀಕ್ಷೆಗೆ ಹೋಗುವುದು ಫಾರ್ಮಲಿನ್‌ನಲ್ಲಿ. ಇಡೀ ಚೂರು ಫಾರ್ಮಲಿನ್‌ಗೆ ಬಿದ್ದರೆ ಕ್ರಿಮಿ ಬೆಳೆಯದು. ಇಡೀ ಚೂರು ಸಲೈನಿನಲ್ಲೇ ಕೂತರೆ ಕ್ಯಾನ್ಸರ್ ಕೋಶಗಳು ಕೊಳೆಯುತ್ತವೆ.

ನಾಲ್ಕು, ಹಳೆಯ ಬ್ಲಾಕ್ ಎಲ್ಲಾದರೂ ಇದೆಯೇ? ಬೇರೆ ಆಸ್ಪತ್ರೆಯಲ್ಲಿ ಮೊದಲೇ ಬಯಾಪ್ಸಿಯೋ ಆಪರೇಷನ್ನೋ ಆಗಿದ್ದರೆ ಹೊಸ ಸೂಜಿಯೇ ಬೇಡವಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಇದೇ ಹೊತ್ತಿನಲ್ಲಿ ಹೇಳಿಬಿಡಿ.

ಬಾಟಲಿ ನಿಮ್ಮ ಕೈಗೆ ಬಂದಾಗ

ಜಿಲ್ಲಾ ಊರುಗಳಲ್ಲಿ ಬಯಾಪ್ಸಿ ಒಂದು ಕಡೆ, ಲ್ಯಾಬ್ ಇನ್ನೊಂದು ಕಡೆ. ‘ಇದನ್ನ ಲ್ಯಾಬಿಗೆ ಕೊಟ್ಟು ಬನ್ನಿ’ ಎಂದು ಬಾಟಲಿಯನ್ನು ಮಗನ ಕೈಗೋ ಅಳಿಯನ ಕೈಗೋ ಕೊಡುವುದು ವಾಡಿಕೆ. ಈ ಹಂತದಲ್ಲಿ ನೀವು ನೋಡಬೇಕಾದದ್ದು: ಬಾಟಲಿಯ ಮೇಲೆ ರೋಗಿಯ ಹೆಸರು, ನಂಬರ್, ತೆಗೆದ ಜಾಗ ಬರೆದಿದೆಯೇ, ಚೂರು ದ್ರವದಲ್ಲಿ ಪೂರ್ತಿ ಮುಳುಗಿದೆಯೇ, ಮುಚ್ಚಳ ಬಿಗಿಯಾಗಿದೆಯೇ, ತೆಗೆದ ದಿನ ಮತ್ತು ಗಂಟೆ ಫಾರ್ಮಿನಲ್ಲಿ ಇದೆಯೇ.

ಗಂಟೆ ಬರೆಯುವುದಕ್ಕೆ ಕಾರಣವಿದೆ. ಬಯಾಪ್ಸಿಗೆ ಬಳಸುವುದು ಶೇ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್. ಚೂರು ಅದರಲ್ಲಿ ಕನಿಷ್ಠ 6 ಗಂಟೆ ಇರಬೇಕು. ಶ್ವಾಸಕೋಶದ ಚೂರಿಗೆ 48 ಗಂಟೆ, ಸ್ತನದ ಚೂರಿಗೆ 72 ಗಂಟೆ ಮೀರಬಾರದು ಎಂಬುದು ಒಪ್ಪಿತ ಮಿತಿ. ಕಡಿಮೆಯಾದರೆ ಪ್ರೋಟೀನ್ ಪರೀಕ್ಷೆ ಸರಿಯಾಗಿ ಬಣ್ಣ ಹಿಡಿಯದು. ಹೆಚ್ಚಾದರೆ ಡಿಎನ್‌ಎ ತುಂಡುತುಂಡಾಗುತ್ತದೆ. ಶನಿವಾರ ಮಧ್ಯಾಹ್ನ ಕೊಟ್ಟ ಬಾಟಲಿ ಭಾನುವಾರವೆಲ್ಲ ಮನೆಯಲ್ಲೇ ಕೂತು, ಸೋಮವಾರ ರಜೆಯೂ ಸೇರಿಕೊಂಡರೆ ಮಿತಿ ದಾಟಿಹೋಗುತ್ತದೆ. ಹಾಗಾಗಿ ಅದೇ ದಿನ ಲ್ಯಾಬಿಗೆ ತಲುಪಿಸಿ. ಕೆಡದಿರಲಿ ಎಂದು ಫ್ರೀಜರಿನಲ್ಲಿಡಬೇಡಿ, ಮನೆಯ ಇನ್ನೊಂದು ಡಬ್ಬಿಗೆ ಸುರಿಯಬೇಡಿ. ಫಾರ್ಮಲಿನ್ ವಿಷ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಬ್ಲಾಕ್ ಕತ್ತರಿಸುವ ಮೇಜಿನ ಮೇಲೆ

ಲ್ಯಾಬಿನಲ್ಲಿ ಚೂರನ್ನು ಪ್ಯಾರಫಿನ್ ಮೇಣದಲ್ಲಿ ಕೂರಿಸುತ್ತಾರೆ. ಬ್ಲಾಕ್ ಎನ್ನುವುದು ಇದಕ್ಕೇ. ಟೆಕ್ನಿಷಿಯನ್ ಅದನ್ನು ಮೈಕ್ರೋಟೋಮ್ ಎಂಬ ಯಂತ್ರಕ್ಕೆ ಸಿಕ್ಕಿಸಿ ಚಕ್ರ ತಿರುಗಿಸುತ್ತಾರೆ. ಒಂದೊಂದು ಸುತ್ತಿಗೂ ನಾಲ್ಕೈದು ಮೈಕ್ರಾನ್ ದಪ್ಪದ, ಅಂದರೆ ಮಿಲಿಮೀಟರಿನ ಇನ್ನೂರನೇ ಒಂದು ಪಾಲಿನಷ್ಟು ತೆಳುವಾದ ಪದರ ಬ್ಲೇಡಿನಿಂದ ಜಾರಿ ಬರುತ್ತದೆ. ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಇಳಿಯುತ್ತವೆ. ಅವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಳ್ಳುತ್ತಾರೆ.

ಚೂರು ಸೋರಿಹೋಗುವುದು ಇಲ್ಲೇ. ಬ್ಲಾಕನ್ನು ಯಂತ್ರದಿಂದ ತೆಗೆದು ಇನ್ನೊಂದು ದಿನ ಮತ್ತೆ ಸಿಕ್ಕಿಸಿದರೆ ಹಿಂದಿನ ಕೋನ ಹಾಗೇ ಸಿಗುವುದಿಲ್ಲ. ಮುಖ ಸಮ ಮಾಡಲು ಹಲವು ಪದರ ಕೆತ್ತಿ ಬಿಸಾಡಬೇಕಾಗುತ್ತದೆ. ಸೋಮವಾರ ರೋಗ ಗುರುತಿಸಲು ಒಮ್ಮೆ, ಗುರುವಾರ ಪ್ರೋಟೀನ್ ಪರೀಕ್ಷೆಗೆ ಇನ್ನೊಮ್ಮೆ, ಮುಂದಿನ ವಾರ ಇಜಿಎಫ್‌ಆರ್‌ಗೆ, ಅದರ ಮುಂದಿನ ವಾರ ಎಎಲ್‌ಕೆಗೆ ಎಂದು ನಾಲ್ಕು ಸಲ ಸಿಕ್ಕಿಸಿದರೆ ದೊಡ್ಡ ಗಡ್ಡೆಯ ಬ್ಲಾಕ್ ತಾಳಿಕೊಂಡೀತು. ಸೂಜಿಯ ಚೂರು ತಾಳುವುದಿಲ್ಲ.

ಪರಿಹಾರ ಸರಳ: ಮೊದಲ ಸಲ ಕತ್ತರಿಸುವಾಗಲೇ ಬಣ್ಣ ಹಾಕದ ಹೆಚ್ಚುವರಿ ಸ್ಲೈಡುಗಳನ್ನು ತೆಗೆದಿಟ್ಟುಕೊಳ್ಳುವುದು. ಜೊತೆಗೆ ಗುರುತಿಸುವ ಹಂತದಲ್ಲಿ ಜಿಪುಣತನ ತೋರುವುದು. ಶ್ವಾಸಕೋಶದ್ದೇ ಕ್ಯಾನ್ಸರ್ ಎಂಬ ಅಂದಾಜಿದ್ದು, ಅದು ಅಡಿನೋಕಾರ್ಸಿನೋಮಾವೋ ಸ್ಕ್ವೇಮಸ್ಸೋ ಎಂಬುದಷ್ಟೇ ಪ್ರಶ್ನೆಯಾದರೆ ಟಿಟಿಎಫ್-1 ಮತ್ತು ಪಿ40 ಎಂಬ ಎರಡು ಪ್ರೋಟೀನ್ ಪರೀಕ್ಷೆ ಬಹುತೇಕ ಸಾಕು; ಹತ್ತು ಪರೀಕ್ಷೆ ಮಾಡಿ ಬ್ಲಾಕ್ ಮುಗಿಸಬೇಕಿಲ್ಲ. ಆದರೆ ಪ್ಯಾಥಾಲಜಿಸ್ಟ್ ಹೀಗೆ ಉಳಿಸಬೇಕಾದರೆ ಅವರಿಗೆ ವಿಷಯ ಗೊತ್ತಿರಬೇಕಲ್ಲ! ಬಯಾಪ್ಸಿ ಫಾರ್ಮಿನಲ್ಲಿ ಬರೀ ‘ಲಂಗ್ ಬಯಾಪ್ಸಿ’ ಎಂದಿದ್ದರೆ ಅವರೇನು ಮಾಡಿಯಾರು? ಸಿ.ಟಿ.ಯಲ್ಲಿ ಕಂಡದ್ದು, ಹಿಂದೆ ಬೇರೆ ಕ್ಯಾನ್ಸರ್ ಆಗಿತ್ತೇ ಎಂಬುದು, ‘ಬಯೋಮಾರ್ಕರ್‌ಗೆ ಟಿಶ್ಯೂ ಉಳಿಸಿ’ ಎಂಬ ಒಂದು ಸಾಲು, ಇಷ್ಟನ್ನು ಫಾರ್ಮಿನಲ್ಲಿ ಬರೆಸಿಕೊಳ್ಳಿ.

ಪರೀಕ್ಷೆಗಳನ್ನು ಒಂದೊಂದಾಗಿ ಮಾಡಿಸುವುದೋ, ಎಲ್ಲ ಜೀನುಗಳನ್ನೂ ಒಟ್ಟಿಗೆ ನೋಡುವ ಎನ್‌ಜಿಎಸ್ ಪ್ಯಾನೆಲ್ ಮಾಡಿಸುವುದೋ? ಒಟ್ಟಿಗೆ ಮಾಡಿದರೆ ಚೂರು ಉಳಿಯುತ್ತದೆ, ಆದರೆ ಹತ್ತಾರು ಸಾವಿರ ರೂಪಾಯಿ ಖರ್ಚು, ಕಾಯುವ ದಿನವೂ ಹೆಚ್ಚು. ಚೂರೂ ಕಡಿಮೆ, ದುಡ್ಡೂ ಕಡಿಮೆ ಎಂಬಾಗ ಮದ್ದು ಕೈಗೆ ಸಿಗುವ ಗುರುತುಗಳನ್ನು ಮೊದಲು ನೋಡುವುದು ಜಾಣತನ. ಇಜಿಎಫ್‌ಆರ್ ಪಿಸಿಆರ್ ಪರೀಕ್ಷೆ ಕೆಲವೇ ದಿನಗಳಲ್ಲಿ ಬರುತ್ತದೆ. ಎಎಲ್‌ಕೆ ಪ್ರೋಟೀನ್ ಪರೀಕ್ಷೆಗೆ ಒಂದೇ ಸ್ಲೈಡಿನ ಪದರ ಸಾಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಇದ್ದವರು ಯಾವ ಪರೀಕ್ಷೆ ಯೋಜನೆಯೊಳಗೆ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ವಿಚಾರಿಸಿ. ಔಷಧ ಕಂಪನಿಗಳ ನೆರವಿನಲ್ಲಿ ಪರೀಕ್ಷೆ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಹುಟ್ಟಿನಿಂದಲೇ ಬಂದ ಬಿಆರ್‌ಸಿಎ ಬದಲಾವಣೆ ಇದೆಯೇ ಎಂಬಂಥ ಪ್ರಶ್ನೆಗೆ ರಕ್ತವೇ ಸಾಕು, ಅದಕ್ಕೆ ಚೂರು ಖರ್ಚು ಮಾಡಬೇಡಿ.

ಬ್ಲಾಕ್ ಹೊತ್ತು ಊರಿಂದೂರಿಗೆ

ಕಿದ್ವಾಯಿಗೋ ಮುಂಬೈನ ಟಾಟಾ ಆಸ್ಪತ್ರೆಗೋ ಹೊರಟವರಿಗೆ ‘ಸ್ಲೈಡು, ಬ್ಲಾಕ್ ತಗೊಂಡು ಬನ್ನಿ’ ಎನ್ನುತ್ತಾರೆ. ಎಷ್ಟೋ ಜನ ಸ್ಲೈಡು ಮಾತ್ರ ತಂದಿರುತ್ತಾರೆ. ಬಣ್ಣ ಹಾಕಿದ ಸ್ಲೈಡು ರೋಗವನ್ನು ಮರುಪರಿಶೀಲಿಸಲು ಸಾಕಾಗುತ್ತದೆ. ಬಯೋಮಾರ್ಕರ್‌ಗೆ ಸಾಮಾನ್ಯವಾಗಿ ಬ್ಲಾಕೇ ಬೇಕು. ಮೊದಲು ಬಯಾಪ್ಸಿ ಮಾಡಿದ ಲ್ಯಾಬಿನ ಕೌಂಟರಿನಲ್ಲಿ ರಿಪೋರ್ಟಿನ ಪ್ರತಿ, ಗುರುತಿನ ಚೀಟಿ ತೋರಿಸಿ ‘ಬ್ಲಾಕ್ ಬೇಕಾಗಿತ್ತು ಸಾರ್’ ಎಂದರೆ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಎರಡು ಬ್ಲಾಕ್ ಇದ್ದರೆ ಕ್ಯಾನ್ಸರ್ ಹೆಚ್ಚಿರುವುದು ಯಾವುದರಲ್ಲಿ ಎಂದು ಕೇಳಿ, ಅದನ್ನೇ ಪಡೆಯಿರಿ. ಬ್ಲಾಕಿನ ಮೇಲಿನ ನಂಬರೂ ರಿಪೋರ್ಟಿನ ನಂಬರೂ ತಾಳೆಯಾಗುತ್ತವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.

ಬ್ಲಾಕೆಂದರೆ ಮೇಣ, 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಕರಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲಾಗಲಿ ಬಸ್ಸಿನ ಎಂಜಿನ್ ಪಕ್ಕದಲ್ಲಾಗಲಿ ಇಡಬೇಡಿ. ಚಿಕ್ಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಟ್ಟಿ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ಒಯ್ಯಿರಿ. ಪರೀಕ್ಷೆ ಮುಗಿದ ಮೇಲೆ ಬ್ಲಾಕ್ ವಾಪಸ್ ಕೇಳಿ ಪಡೆದುಕೊಳ್ಳಿ.

ಎದೆಯ ನೀರು ಚೆಲ್ಲಬೇಡಿ, ರಕ್ತವನ್ನೇ ನಂಬಬೇಡಿ

ಎದೆಯಲ್ಲಿ ನೀರು ತುಂಬಿ ಉಸಿರಾಟಕ್ಕೆ ಕಷ್ಟವಾದಾಗ ಅರ್ಧ ಲೀಟರೋ ಒಂದು ಲೀಟರೋ ತೆಗೆಯುತ್ತಾರೆ. ಚಿಕ್ಕ ಬಾಟಲಿಯಷ್ಟು ಲ್ಯಾಬಿಗೆ ಹೋಗಿ ಉಳಿದದ್ದು ಚರಂಡಿ ಸೇರುತ್ತದೆ. ಆದರೆ ಆ ನೀರಿನಲ್ಲಿ ತೇಲುವ ಕ್ಯಾನ್ಸರ್ ಕೋಶಗಳನ್ನು ತಿರುಗಿಸಿ ತಳಕ್ಕಿಳಿಸಿ, ಮೇಣದಲ್ಲಿ ಕೂರಿಸಿ ‘ಸೆಲ್ ಬ್ಲಾಕ್’ ಮಾಡಿದರೆ ಬಯಾಪ್ಸಿ ಬ್ಲಾಕಿನಂತೆಯೇ ಪರೀಕ್ಷಿಸಬಹುದು. ಹೆಚ್ಚು ನೀರು ಕಳಿಸಿ, ಬೇಗ ಕಳಿಸಿ, ‘ಸೆಲ್ ಬ್ಲಾಕ್ ಮಾಡಿ’ ಎಂದು ಬರೆಸಿ. ಸಣ್ಣ ಸೂಜಿಯ ಎಫ್‌ಎನ್‌ಎಸಿ ಸ್ಲೈಡುಗಳನ್ನೂ ತಿರಸ್ಕರಿಸಬೇಕಿಲ್ಲ. ಕೋಶಗಳು ಸಾಕಷ್ಟಿದ್ದರೆ ಬಣ್ಣ ಹಾಕಿದ ಸ್ಲೈಡಿನಿಂದಲೂ ಡಿಎನ್‌ಎ ತೆಗೆಯುವ ಲ್ಯಾಬುಗಳಿವೆ.

ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಹುಡುಕುವ ಲಿಕ್ವಿಡ್ ಬಯಾಪ್ಸಿಗೆ ಅಮೆರಿಕದಲ್ಲಿ 2016ರಲ್ಲಿ ಮೊದಲ ಮಂಜೂರಾತಿ ಸಿಕ್ಕಿತು. ಚೂರು ಸಿಗದವರಿಗೆ ಇದು ದೊಡ್ಡ ಆಸರೆ. ಪಾಸಿಟಿವ್ ಬಂದರೆ ಅದನ್ನು ನೆಚ್ಚಿ ಚಿಕಿತ್ಸೆ ಶುರು ಮಾಡಬಹುದು. ನೆಗೆಟಿವ್ ಬಂದರೆ ‘ಬದಲಾವಣೆ ಇಲ್ಲ’ ಎಂದು ತಿಳಿಯಬಾರದು. ಗಡ್ಡೆ ರಕ್ತಕ್ಕೆ ಸಾಕಷ್ಟು ಡಿಎನ್‌ಎ ಬಿಟ್ಟಿಲ್ಲದೆಯೂ ಇರಬಹುದು. ಆಗ ಮತ್ತೆ ಚೂರಿನ ಕಡೆಗೇ ಹೋಗಬೇಕು. ಸಾಮಾನ್ಯ ಟ್ಯೂಬಿನಲ್ಲಿ ತೆಗೆದ ರಕ್ತವನ್ನು ಕೆಲವೇ ಗಂಟೆಗಳಲ್ಲಿ ಬೇರ್ಪಡಿಸಬೇಕು. ದೂರದ ಊರಿಗೆ ಕಳಿಸುವುದಾದರೆ ಅದಕ್ಕೆಂದೇ ಇರುವ ವಿಶೇಷ ಟ್ಯೂಬ್ ಬೇಕು.

ರಿಪೋರ್ಟ್ ಕೈಗೆ ಬಂದಾಗ

ಪುಟಗಟ್ಟಲೆ ರಿಪೋರ್ಟಿನಲ್ಲಿ ನಾಲ್ಕು ಸಂಗತಿ ಹುಡುಕಿ: ಯಾವ ಚೂರನ್ನು ಪರೀಕ್ಷಿಸಿದ್ದಾರೆ, ಅದರಲ್ಲಿ ಕ್ಯಾನ್ಸರ್ ಕೋಶಗಳ ಪಾಲೆಷ್ಟು, ಯಾವ ಯಾವ ಜೀನು ನೋಡಿದ್ದಾರೆ, ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ ಇದೆಯೇ. ಮುಖ್ಯವಾಗಿ, ‘ಬದಲಾವಣೆ ಕಂಡುಬಂದಿಲ್ಲ’ ಎಂಬುದೂ ‘ಮಾದರಿ ಸಾಕಾಗಿಲ್ಲ’ ಎಂಬುದೂ ಒಂದೇ ಅಲ್ಲ. ಮೊದಲನೆಯದು ಉತ್ತರ, ಎರಡನೆಯದು ಪರೀಕ್ಷೆಯೇ ಆಗಿಲ್ಲ ಎಂಬ ಸೂಚನೆ. ಎರಡನ್ನೂ ‘ನೆಗೆಟಿವ್’ ಎಂದು ಓದಿಕೊಂಡು ಸುಮ್ಮನಾದರೆ ಸಿಗಬಹುದಾಗಿದ್ದ ಮಾತ್ರೆ ಕೈತಪ್ಪುತ್ತದೆ.

ಫಲಿತಾಂಶ ಲ್ಯಾಬಿಗೆ ಮಾದರಿ ತಲುಪಿದ ಎರಡು ವಾರದೊಳಗೆ ಬರಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿಯ ಆಶಯ. ಕಾಯಲಾಗದಷ್ಟು ಕಾಯಿಲೆ ಜೋರಾಗಿದ್ದರೆ ವೈದ್ಯರು ಕೀಮೋ ಶುರು ಮಾಡಬಹುದು. ಆದರೆ ಇಜಿಎಫ್‌ಆರ್, ಎಎಲ್‌ಕೆ ಫಲಿತಾಂಶಕ್ಕೆ ಮೊದಲೇ ಇಮ್ಯುನೋಥೆರಪಿ ಕೊಡಲು ತಜ್ಞರು ಹಿಂಜರಿಯುತ್ತಾರೆ. ಅದರ ಬೆನ್ನಿಗೇ, ಇಜಿಎಫ್‌ಆರ್ ಬದಲಾವಣೆಗೆ ಕೊಡುವ ಓಸಿಮರ್ಟಿನಿಬ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಗಂಭೀರ ಉರಿಯೂತ ಹೆಚ್ಚಾಗಿ ಕಂಡಿದೆ.

‘ಸಾಕಾಗಿಲ್ಲ’ ಎಂದರೆ ಮುಂದೇನು?

ತಕ್ಷಣ ಮತ್ತೊಂದು ಸೂಜಿಗೆ ಒಪ್ಪುವ ಮೊದಲು ಈ ಕ್ರಮದಲ್ಲಿ ವಿಚಾರಿಸಿ:

• ಇದೇ ಬಯಾಪ್ಸಿಯ ಇನ್ನೊಂದು ಬ್ಲಾಕ್, ಬಣ್ಣ ಹಾಕದ ಸ್ಲೈಡು ಲ್ಯಾಬಿನಲ್ಲಿ ಉಳಿದಿದೆಯೇ?
• ಎಫ್‌ಎನ್‌ಎಸಿ ಸ್ಲೈಡು, ಎದೆನೀರಿನ ಸೆಲ್ ಬ್ಲಾಕ್ ಇದೆಯೇ?
• ಹಿಂದಿನ ವರ್ಷಗಳ ಆಪರೇಷನ್ ಬ್ಲಾಕ್ ಬಳಸಬಹುದೇ? (ಹಳೆಯದಾದಷ್ಟೂ ಡಿಎನ್‌ಎ ಸವೆದಿರುತ್ತದೆ.)
• ಕಡಿಮೆ ಡಿಎನ್‌ಎಯಲ್ಲೂ ನಡೆಯುವ ಬೇರೆ ವಿಧಾನ ಇದೆಯೇ?
• ರಕ್ತದ ಪರೀಕ್ಷೆ ಮಾಡಿಸಿ ನೋಡಬಹುದೇ?

ಇವೆಲ್ಲಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಮರುಬಯಾಪ್ಸಿಗೆ ಹಿಂದೆಮುಂದೆ ನೋಡಬೇಡಿ. ‘ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ’ ಎಂಬ ಅಂಜಿಕೆ ಊರೆಲ್ಲ ಇದೆ. ಸೂಜಿ ಹಾದ ದಾರಿಯಲ್ಲಿ ಕಾಯಿಲೆ ಹಬ್ಬುವುದು ತೀರಾ ಅಪರೂಪ, ಸರಿಯಾದ ಮದ್ದು ತಪ್ಪುವ ನಷ್ಟ ಅದಕ್ಕಿಂತ ಎಷ್ಟೋ ದೊಡ್ಡದು. ಮಾತ್ರೆ ಕೆಲ ಕಾಲ ಫಲ ಕೊಟ್ಟು ಆಮೇಲೆ ಕಾಯಿಲೆ ಮತ್ತೆ ಬೆಳೆದಾಗಲೂ ಹೊಸ ಚೂರು ಬೇಕಾಗುತ್ತದೆ. ಕೆಲವರಲ್ಲಿ ಗಡ್ಡೆ ತನ್ನ ಸ್ವರೂಪವನ್ನೇ ಬದಲಿಸಿ ಸಣ್ಣಕೋಶದ ಕ್ಯಾನ್ಸರ್ ಆಗಿರುತ್ತದೆ. ಅದನ್ನು ರಕ್ತದ ಪರೀಕ್ಷೆ ನೇರವಾಗಿ ಹೇಳಲಾರದು.

ಎರಡನೇ ಸಲವಾದರೂ ಬಯಾಪ್ಸಿ ಮಾಡುವವರು, ಪ್ಯಾಥಾಲಜಿಸ್ಟ್ ಮತ್ತು ಕ್ಯಾನ್ಸರ್ ವೈದ್ಯರು ಸೂಜಿ ಹಾಕುವ ಮುನ್ನವೇ ಒಬ್ಬರೊಡನೊಬ್ಬರು ಮಾತಾಡಿರಲಿ. ಅವರು ಮಾತಾಡಿದ್ದಾರೆಯೇ ಎಂದು ಕೇಳುವ ಹಕ್ಕು ರೋಗಿಗೂ ಮನೆಯವರಿಗೂ ಇದೆ. ಅದನ್ನು ಮೊದಲ ಸಲವೇ ಕೇಳಿದರೆ ಎರಡನೇ ಸೂಜಿಯನ್ನೇ ತಪ್ಪಿಸಿಕೊಳ್ಳಬಹುದು.